ಒಂದು ಮನೆ, ಎರಡು ಪೋರ್ಷನ್: ಗೋಡೆಗಿಂತ ಮೊದಲು ಪೈಪು ನೋಡಿ

ಬೆಂಗಳೂರಿನ ಹಳೇ ಬಡಾವಣೆ, 40×60 ಸೈಟು, ಮಕ್ಕಳು ಹೊರದೇಶದಲ್ಲಿ, ಮೇಲಿನ ಮಹಡಿಗೆ ಬೀಗ. ಅದೇ ಬೀದಿಯಲ್ಲಿ ‘ಟು-ಲೆಟ್’ ಬೋರ್ಡು ಹುಡುಕುತ್ತಾ ಅಲೆಯುವವರು. ಆ ಮಹಡಿಯನ್ನು ಬೇರೆ ಪೋರ್ಷನ್, ಅಂದರೆ ಬಾಡಿಗೆಗೆ ಕೊಡುವ ಪ್ರತ್ಯೇಕ ಮನೆ ಮಾಡಬಹುದು. ಆದರೆ ಹೆಚ್ಚಿನವರು ಗೋಡೆ ಎಬ್ಬಿಸುವುದರಿಂದ ಶುರು ಮಾಡಿ ಕೆಡುತ್ತಾರೆ.

ಮೊದಲು ಕಕ್ಕಸಿನ 4 ಇಂಚಿನ ಪೈಪು ಎಲ್ಲಿ ಇಳಿದಿದೆ ನೋಡಿ. ಹೊಸ ಬಚ್ಚಲು, ಅಡುಗೆಮನೆ ಅದರ ಪಕ್ಕದಲ್ಲೇ ಬರಲಿ. ಅದಕ್ಕೆ ಸೇರುವ ಅಡ್ಡ ಪೈಪಿಗೆ 40 ಅಡಿಗೆ 1 ಅಡಿ ಇಳಿಜಾರು ಬೇಕು, ಅಂದರೆ 10 ಅಡಿ ದೂರಕ್ಕೆ 3 ಇಂಚು. ಪೈಪಿನ ದಪ್ಪ, ಗಾರೆ, ಟೈಲ್ಸ್ ಸೇರಿಸಿದರೆ ಹೊಸ ಬಚ್ಚಲಿನ ನೆಲ ಸುಮಾರು 9 ಇಂಚು ಏರುತ್ತದೆ. ಇಳಿಜಾರು ಕಡಿಮೆ ಮಾಡಹೋದರೆ ಬೇಗನೇ ಪೈಪು ಕಟ್ಟಿಕೊಳ್ಳುತ್ತದೆ.

ಏರಿಸಿದ ಜಾಗಕ್ಕೆ ಒಡೆದ ಇಟ್ಟಿಗೆ ಚೂರು ಸುರಿಯುವ ಮೇಸ್ತ್ರಿಯನ್ನು ತಡೆಯಿರಿ. ಸ್ಲ್ಯಾಬಿಗೆ ಅಷ್ಟು ಭಾರ ಬೇಡ, ಹಗುರವಾದ ಸಿಂಡರ್ (ಕಲ್ಲಿದ್ದಲು ಸುಟ್ಟುಳಿದ ಕಿಟ್ಟ) ಸಾಕು. ಅದಕ್ಕೂ ಮುಂಚೆ ವಾಟರ್‌ಪ್ರೂಫಿಂಗ್ ಎರಡು ಕೋಟ್, ಗೋಡೆಗೂ ಒಂದು ಅಡಿ ಹತ್ತಿಸಿ. ಒಣಗಿದ ಮೇಲೆ ನೀರು ನಿಲ್ಲಿಸಿ, ನೀರಿನ ಮಟ್ಟಕ್ಕೆ ಗೋಡೆಯಲ್ಲಿ ಪೆನ್ಸಿಲ್ ಗೆರೆ ಎಳೆದು 48 ಗಂಟೆ ಬಿಡಿ. ಗೆರೆ ಬಿಟ್ಟು ನೀರು ಗಣನೀಯವಾಗಿ ಇಳಿದರೆ, ಕೆಳಗಿನ ಸೀಲಿಂಗ್ ಒದ್ದೆಯಾದರೆ, ಟೈಲ್ಸಿಗೆ ಕೈ ಹಾಕಬೇಡಿ.

ಹೊಸ ಬಾಗಿಲಿಗೆ 9 ಇಂಚಿನ ಗೋಡೆ ಒಡೆಯುವ ಬದಲು ಕಿಟಕಿಯನ್ನೇ ಬಾಗಿಲು ಮಾಡಿ. ಮೇಲಿನ ಭಾರ ಹೊರುವ ಲಿಂಟಲ್ ಆಗಲೇ ಇದೆ, ಕೆಳಗಿನ ಗೋಡೆ ತೆಗೆದರಾಯಿತು. ಹೊರಗಿನ ಮೆಟ್ಟಿಲು 3 ಅಡಿ ಅಗಲ, ತುಳಿಯುವ ಜಾಗ 10 ಇಂಚು, ಎತ್ತರ 7. ಅದು ಸೆಟ್‌ಬ್ಯಾಕ್ (ಮನೆ ಸುತ್ತ ಬಿಡಬೇಕಾದ ಖಾಲಿ ಜಾಗ) ನುಂಗುವಂತಿದ್ದರೆ ಮೊದಲು ಪ್ಲಾನ್ ಮಂಜೂರು ಮಾಡಿಸಿ.

ಒಳಗೆ ಬೇಕಾದ ಅಡ್ಡಗೋಡೆಗೆ ಗಾಳಿಗುಳ್ಳೆ ತುಂಬಿದ ಹಗುರ ಎಎಸಿ ಬ್ಲಾಕೇ ಸರಿ. 10 ಅಡಿ ಚೌಕದ ಇಟ್ಟಿಗೆ ಗೋಡೆ ನಾಲ್ಕೂವರೆ ಇಂಚು ದಪ್ಪವಿದ್ದರೂ ಎರಡು ಟನ್ ಆಸುಪಾಸು ತೂಗುತ್ತದೆ. 4 ಇಂಚಿನ ಬ್ಲಾಕು ಅದರ ಮೂರರಲ್ಲೊಂದು.

ಕರೆಂಟಿಗೆ ಪ್ರತ್ಯೇಕ ಮೀಟರ್, ಪ್ರತ್ಯೇಕ ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ ತಂತಿ). ಹಳೇ ನ್ಯೂಟ್ರಲ್‌ಗೇ ಹೊಸದನ್ನು ಕಟ್ಟಿದರೆ ಗೀಸರ್ ಹಾಕಿದ ತಕ್ಷಣ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ಕಡಿತ ಮಾಡುವ ಸ್ವಿಚ್ಚು, ಬೀಳುತ್ತದೆ. ಎಲೆಕ್ಟ್ರಿಷಿಯನ್ ಬೈಸಿಕೊಳ್ಳುವುದು ಆಮೇಲೆ.

ಒಳಮೆಟ್ಟಿಲ ಬಾಗಿಲಿಗೆ ಬರೀ ಬೀಗ ಹಾಕಿದರೆ ಬೆಳಗಿನ ಮಿಕ್ಸಿ ಸದ್ದು ನೇರ ಕೆಳಗಿನ ಹಾಲಿಗೇ ಬರುತ್ತದೆ. ಚೌಕಟ್ಟು ಕೀಳದೆ, ಅದರೊಳಗೇ 4 ಇಂಚಿನ ಬ್ಲಾಕ್ ಕಟ್ಟಿ ಎರಡೂ ಕಡೆ ಗಾರೆ ಮಾಡಿಸಿ. ಮಕ್ಕಳು ವಾಪಸ್ ಬಂದರೆ ಒಡೆಯುವುದು ಒಂದು ದಿನದ ಕೆಲಸ.