ಬರ್ಲಿನ್‌ಗೆ ಹೊರಟವರೇ, ಹತ್ತನೇ ತಾರೀಖು ನೆನಪಿರಲಿ

ರಜೆಗೆ ಹಾಸನಕ್ಕೆ ಬಂದರೆ ಸಾಕು, ಬರ್ಲಿನ್‌ಗೆ ಓದೋಕೆ ಹೊರಟ ಹುಡುಗರು ಒಬ್ಬರಾದ ಮೇಲೊಬ್ಬರು ಮನೆಗೆ ಬರುತ್ತಾರೆ. ಚಳಿ ಎಷ್ಟಿರುತ್ತೆ, ಕುಕ್ಕರ್ ಒಯ್ಯಬಹುದಾ, ಸೋನಾ ಮಸೂರಿ ಸಿಗುತ್ತಾ ಅಂತ ಕೇಳುತ್ತಾರೆ. ಇದಕ್ಕೆಲ್ಲ ಯೂಟ್ಯೂಬಿನಲ್ಲೇ ಉತ್ತರ ಇದೆ. ಬಸ್ಸು-ರೈಲಿನ ಟಿಕೆಟ್ ಬಗ್ಗೆ ಮಾತ್ರ ಯಾರೂ ಕೇಳಲ್ಲ. ದುಡ್ಡು ಕಳೆದುಕೊಳ್ಳೋದು ಅಲ್ಲೇ.

ಅರಸೀಕೆರೆಗೆ ಹೋಗುವ ಕೆಂಪು ಬಸ್ಸಿನಲ್ಲಿ ನೀವು ನಿದ್ದೆ ಹೋಗಿದ್ದರೂ ಕಂಡಕ್ಟರ್ ಭುಜ ತಟ್ಟಿ ಎಬ್ಬಿಸುತ್ತಾರೆ. ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ ಹಿಂದೆ ಬಾಕಿ ಬರೆದುಕೊಡುತ್ತಾರೆ. ಬರ್ಲಿನ್‌ನಲ್ಲಿ ಕಂಡಕ್ಟರೂ ಇಲ್ಲ, ನಮ್ಮ ಮೆಟ್ರೊದಲ್ಲಿರುವ ಥರ ಗೇಟೂ ಇಲ್ಲ. ಸೀದಾ ಹೋಗಿ ರೈಲು ಹತ್ತಬಹುದು. ಬಾಗಿಲು ಮುಚ್ಚಿದ ಮೇಲೆ, ಅದುವರೆಗೂ ಫೋನ್ ನೋಡುತ್ತಾ ನಿಂತಿದ್ದ ಮಾಮೂಲಿ ಜಾಕೆಟ್ಟಿನ ಮನುಷ್ಯ ಗುರುತಿನ ಕಾರ್ಡು ತೆಗೆದು ಟಿಕೆಟ್ ಕೇಳುತ್ತಾನೆ. ಇಲ್ಲದಿದ್ದರೆ 60 ಯೂರೊ ದಂಡ. ಕಾಗದದ ಟಿಕೆಟ್ಟನ್ನು ಪ್ಲಾಟ್‌ಫಾರ್ಮಿನ ಪುಟ್ಟ ಡಬ್ಬಿಗೆ ತೂರಿಸಿ ಮುದ್ರೆ ಒತ್ತಿಸದಿದ್ದರೂ ಅಷ್ಟೇ ದಂಡ. 'ನಾನು ಹೊಸಬ' ಅನ್ನೋ ಮಾತು ಅಲ್ಲಿ ನಡೆಯಲ್ಲ. ಇನ್ನೊಂದು: ಟಿಕೆಟ್ ಲೆಕ್ಕಕ್ಕೆ ಅಲ್ಲಿ ಒಳಗಿನಿಂದ ಹೊರಗೆ ಎ, ಬಿ, ಸಿ ಅಂತ ಮೂರು ವಲಯ. 2020ರಲ್ಲಿ ಶುರುವಾದ ವಿಮಾನ ನಿಲ್ದಾಣ ಸಿ ವಲಯದಲ್ಲಿದೆ. ಎಬಿ ಟಿಕೆಟ್ ಹಿಡಿದು ಅಲ್ಲಿಗೆ ಹೋಗಬೇಡಿ, ಎಬಿಸಿ ತೆಗೆದುಕೊಳ್ಳಿ.

ಇನ್ನು ಡಾಯ್ಚ್‌ಲಾಂಡ್‌ಟಿಕೆಟ್. 2023ರ ಮೇನಲ್ಲಿ ತಿಂಗಳಿಗೆ 49 ಯೂರೊಗೆ ಶುರುವಾಯಿತು, 2025ಕ್ಕೆ 58 ಆಯಿತು, 2026ರಿಂದ 63. ಇದೊಂದಿದ್ದರೆ ದೇಶದ ಎಲ್ಲ ಊರುಗಳ ಬಸ್ಸು, ಟ್ರಾಮು, ನೆಲದಡಿಯ ರೈಲು, ಪಕ್ಕದೂರುಗಳಿಗೆ ಹೋಗುವ ರೈಲು ಎಲ್ಲ ಹತ್ತಬಹುದು. ಐಸಿಇ, ಐಸಿ ಥರದ ದೂರದ ವೇಗದ ರೈಲುಗಳಿಗೆ ನಡೆಯಲ್ಲ. ಒಳ್ಳೆಯ ಟಿಕೆಟ್ಟೇ, ನಾನೂ ಇಟ್ಟುಕೊಂಡಿದ್ದೇನೆ. ಆದರೆ ಇದನ್ನು ತಿಂಗಳ ಪಾಸು ಅಂದುಕೊಂಡಿರೋ, ಕೆಟ್ಟಿರಿ. ಪಾಸು ಅವಧಿ ಮುಗಿದರೆ ತಾನಾಗೇ ಸಾಯುತ್ತೆ. ಇದು ಚಂದಾ. ನೀವೇ ಕೈಯಾರೆ ನಿಲ್ಲಿಸೋವರೆಗೂ ತಿಂಗಳು ತಿಂಗಳು ಖಾತೆಯಿಂದ ದುಡ್ಡು ಹೋಗುತ್ತಲೇ ಇರುತ್ತೆ. ನಿಲ್ಲಿಸೋಕೂ ಗಡುವಿದೆ: 10ನೇ ತಾರೀಖಿನೊಳಗೆ ಹೇಳಿದರೆ ಆ ತಿಂಗಳ ಕೊನೆಗೆ ನಿಲ್ಲುತ್ತೆ. 11ಕ್ಕೆ ಹೇಳಿದರೆ ಮುಂದಿನ ತಿಂಗಳದ್ದೂ ನಿಮ್ಮ ತಲೆಗೇ.

ಆಲೂರು ಕಡೆಯ ಹುಡುಗನೊಬ್ಬ ಹಾಸನಾಂಬೆ ಬಾಗಿಲು ತೆಗೆಯುವ ಹೊತ್ತಿಗೆ ಅಂತ ಅಕ್ಟೋಬರಿನಲ್ಲಿ ಊರಿಗೆ ಬಂದ. ಅಕ್ಕನ ಮದುವೆಯೂ ಇತ್ತು, ವರ್ಷದ ಕೊನೆವರೆಗೆ ಉಳಿದ. ಹೊರಡುವ ಮುಂಚೆ ಫೋನಿನಿಂದ ಟಿಕೆಟ್ ಆ್ಯಪ್ ಅಳಿಸಿದ್ದ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದ. ನವೆಂಬರಿನ 58 ಯೂರೊ ಹೋಯಿತು, ಡಿಸೆಂಬರಿನದ್ದೂ ಹೋಯಿತು. ಆಗ ಯಾರೋ ಬುದ್ಧಿವಂತ ಗೆಳೆಯ, 'ಬ್ಯಾಂಕ್ ಆ್ಯಪಿನಲ್ಲಿ ಒತ್ತಿ ವಾಪಸ್ ತಗೊಳ್ಳೋ' ಅಂದ. ಹಾಗೆ ಕಟ್ಟಾದ ದುಡ್ಡನ್ನು 8 ವಾರದೊಳಗೆ ವಾಪಸ್ ತರಿಸಿಕೊಳ್ಳೋಕೆ ಬ್ಯಾಂಕು ಬಿಡುತ್ತೆ, ನಿಜ. ಕಾರಣವನ್ನೂ ಕೇಳಲ್ಲ. ಆದರೆ ಬ್ಯಾಂಕು ಕೊಟ್ಟ ಮಾತ್ರಕ್ಕೆ ಸಾಲ ತೀರಲ್ಲವಲ್ಲ! ಟಿಕೆಟ್ ಮಾರಿದವರು ನೋಟಿಸ್ ಕಳಿಸಿದರು, ಕಾಗದದಲ್ಲಿ, ಅಂಚೆಯಲ್ಲಿ. ಜೊತೆಗಿದ್ದ ಹುಡುಗರು ಅವನ್ನೆಲ್ಲ ಒಡೆಯದೆ ಚಪ್ಪಲಿ ಸ್ಟ್ಯಾಂಡ್ ಮೇಲೆ ಜೋಡಿಸಿಟ್ಟಿದ್ದರು. ಜನವರಿಯಲ್ಲಿ ಇವನು ಹೋಗಿ ನೋಡಿದರೆ ಅಸಲಿನ ಮೇಲೆ ನೋಟಿಸಿನ ಖರ್ಚು, ಅದರ ಮೇಲೆ ವಸೂಲಿ ಏಜೆನ್ಸಿಯ ಶುಲ್ಕ. ಕಟ್ಟಿ ಕೈ ತೊಳೆದುಕೊಂಡ. ಕಟ್ಟದೆ ಬಿಟ್ಟಿದ್ದರೆ ಶೂಫಾ ದಾಖಲೆಗೆ, ಅಂದರೆ ಯಾರು ಸಾಲ ಸರಿಯಾಗಿ ತೀರಿಸುತ್ತಾರೆ ಅಂತ ಲೆಕ್ಕ ಇಡುವ ಕಂಪನಿಯ ದಾಖಲೆಗೆ, ಹೋಗೋ ಅಪಾಯ. ಅಲ್ಲಿ ಮನೆ ಬಾಡಿಗೆಗೆ ಕೊಡುವವರು ಮೊದಲು ಕೇಳೋದೇ ಆ ದಾಖಲೆಯನ್ನು.

ನಿಲ್ಲಿಸೋದು ಕಷ್ಟವೇನಿಲ್ಲ. ಜಾಲತಾಣದಲ್ಲಿ ಚಂದಾ ಮಾರುವವರು ಅದನ್ನು ರದ್ದು ಮಾಡುವ ಗುಂಡಿಯನ್ನೂ ಇಡಲೇಬೇಕು ಅಂತ 2022ರ ಜುಲೈನಿಂದ ಅಲ್ಲಿ ಕಾನೂನೇ ಇದೆ. ಪುಟದ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ 'ಫೆರ್‌ಟ್ರೇಗೆ ಹಿಯರ್ ಕ್ಯುಂಡಿಗೆನ್' (ಒಪ್ಪಂದಗಳನ್ನು ಇಲ್ಲಿ ರದ್ದು ಮಾಡಿ) ಅಂತಿರುತ್ತೆ. ಅದನ್ನು ಒತ್ತಿ, ಬರುವ ಮೇಲ್ ಎತ್ತಿಟ್ಟುಕೊಳ್ಳಿ. ಯಾರ ಹತ್ತಿರ ಕೊಂಡಿರೋ ಅವರ ಹತ್ತಿರವೇ ರದ್ದು ಮಾಡಬೇಕು, ಬೇರೆಯವರ ಕೌಂಟರಿಗೆ ಹೋಗಿ ಪ್ರಯೋಜನ ಇಲ್ಲ. ಊರಿಗೆ ಬರೋಕೆ ವಿಮಾನದ ಟಿಕೆಟ್ ಕೊಂಡ ದಿನವೇ ಈ ಕೆಲಸ ಮುಗಿಸಿಬಿಡಿ.

ಇಷ್ಟು ಬೈದರೂ, ಊರು ಕಟ್ಟಿರುವ ರೀತಿಯಲ್ಲಿ ಬರ್ಲಿನ್ ಮುಂದೆ ಅನ್ನಲೇಬೇಕು. ನಗರದ ನಡುಭಾಗದ ಸುತ್ತ 37 ಕಿಲೋಮೀಟರಿನ ರೈಲು ವರ್ತುಲ ಇದೆ. ಎಸ್41 ರೈಲು ಗಡಿಯಾರದ ದಿಕ್ಕಿಗೆ, ಎಸ್42 ಎದುರು ದಿಕ್ಕಿಗೆ. ಒಂದು ಸುತ್ತಿಗೆ ಸುಮಾರು ಒಂದು ಗಂಟೆ. ರೂಮು ಹುಡುಕುವಾಗ ಬಾಡಿಗೆ ನೋಡುವ ಮೊದಲು ಈ ವರ್ತುಲದ ಯಾವ ನಿಲ್ದಾಣ ಹತ್ತಿರ ಅಂತ ನೋಡಿ. ಪೂರ್ವದ ಕಡೆ ಟ್ರಾಮು ಜಾಸ್ತಿ. ಊರು ಪೂರ್ವ-ಪಶ್ಚಿಮ ಅಂತ ಇಬ್ಭಾಗವಾಗಿದ್ದ ಕಾಲದಲ್ಲಿ ಪಶ್ಚಿಮದವರು ತಮ್ಮದನ್ನು 1967ರ ಹೊತ್ತಿಗೇ ಪೂರ್ತಿ ಮುಚ್ಚಿಬಿಟ್ಟಿದ್ದರು. ಅದು ದಡ್ಡತನ ಅಂತ ನನ್ನ ಅಭಿಪ್ರಾಯ. ಆದರೆ ಟಿಕೆಟ್ ವಿಷಯಕ್ಕೆ ಬಂದರೆ ನಮ್ಮ ಕಂಡಕ್ಟರೇ ಮೇಲು. ಹೊಸಬರ ಹತ್ತಿರ ದಂಡ ಕೀಳುವ ಮೊದಲು ಒಂದು ಮಾತು ಹೇಳಿದರೆ ಗಂಟೇನು ಹೋಗುತ್ತೆ?

ಅಪ್ಪ-ಅಮ್ಮನ್ನ ಕರೆಸಿಕೊಳ್ಳುವವರಿಗೆ: ಶಕ್ತಿ ಯೋಜನೆ ರೂಢಿಯಾಗಿರುವ ಅಮ್ಮಂದಿರು ತಪಾಸಣೆಯವರಿಗೆ ಆಧಾರ್ ಕಾರ್ಡ್ ತೋರಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಮೊದಲೇ ಹೇಳಿಡಿ. ಡಾಯ್ಚ್‌ಲಾಂಡ್‌ಟಿಕೆಟ್ ಒಬ್ಬರದ್ದು ಇನ್ನೊಬ್ಬರಿಗೆ ನಡೆಯಲ್ಲ. ಒಂದೆರಡು ದಿನದ ಸುತ್ತಾಟಕ್ಕೆ 24 ಗಂಟೆಯ ಟಿಕೆಟ್ ಸಾಕು. ತಿಂಗಳಿಡೀ ಇರುವುದಾದರೆ ಇಬ್ಬರಿಗೂ ಅವರವರ ಹೆಸರಲ್ಲೇ ಕೊಳ್ಳಿ, ಅವರ ಫೋನಿನಲ್ಲೇ ಹಾಕಿಕೊಡಿ, ಪಾಸ್‌ಪೋರ್ಟ್ ಜೊತೆಗಿರಲಿ. ಒಂದನೇ ತಾರೀಖಿನಿಂದ ಶುರುವಾಗುವ ಹಾಗೆ ತಗೊಳ್ಳಿ, ಏಕೆಂದರೆ ತಿಂಗಳ ನಡುವೆ ಕೊಂಡರೂ ಕೆಲವರು ಪೂರ್ತಿ ತಿಂಗಳದ್ದೇ ವಸೂಲಿ ಮಾಡುತ್ತಾರೆ. ಕೊಂಡ ದಿನವೇ ರದ್ದೂ ಮಾಡಿಬಿಡಿ, ತಿಂಗಳ ಕೊನೆವರೆಗೆ ಹೇಗೂ ನಡೆಯುತ್ತೆ.