ತೊಗರಿಗೆ ಎಣ್ಣೆ ಹೊಡೆಯುವವರ ನಡುವೆ ನನ್ನ ಕೆಲಸ

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಹಳ್ಳಿಯೊಂದರ ಉಪಕೇಂದ್ರದಲ್ಲಿ ಆರೋಗ್ಯ ಕಾರ್ಯಕರ್ತೆಯಾಗಿರುವ ನನ್ನ ಬಳಿಗೆ, ತೊಗರಿ ಹೂ ಬಿಡುತ್ತಿದ್ದಂತೆ, ಅದಕ್ಕೆ ಎಣ್ಣೆ, ಅಂದರೆ ಕೀಟನಾಶಕ ಹೊಡೆಯುವ ಕೂಲಿಗಳು ತಲೆಸುತ್ತು, ಕಣ್ಣು ಮಂಜು, ವಾಂತಿ ಎಂದು ಬರತೊಡಗುತ್ತಾರೆ. ಹೆಚ್ಚಿನವರು ಅದನ್ನು ಬಿಸಿಲಿನ ಬಾಧೆಯೆಂದೇ ತಿಳಿದಿರುತ್ತಾರೆ. ನಾನು ಮೊದಲು ಕಣ್ಣಿನ ಪಾಪೆ ನೋಡುತ್ತೇನೆ. ಅದು ಸೂಜಿಮೊನೆಯಷ್ಟು ಕುಗ್ಗಿ, ಜೊಲ್ಲು ಸುರಿಯುತ್ತಿದ್ದು, ಮಾಂಸಖಂಡ ಅದುರುತ್ತಿದ್ದರೆ ಆರ್ಗನೊಫಾಸ್ಫೇಟ್ ಎಂಬ ಬಗೆಯ ಕೀಟನಾಶಕ ಮೈಸೇರಿದೆ ಎಂದೇ ಭಾವಿಸಿ, ಬಟ್ಟೆ ತೆಗೆಸಿ, ಸೋಪು ಹಚ್ಚಿ ಮೈತೊಳೆಸಿ, ಹೊಡೆದ ಔಷಧದ ಬಾಟಲಿಯ ಸಮೇತ, ಈ ವಿಷಕ್ಕೆ ಕೊಡುವ ಅಟ್ರೊಪಿನ್ ಚುಚ್ಚುಮದ್ದು ಸಿಗುವ ಆಸ್ಪತ್ರೆಗೆ ತಡಮಾಡದೆ ಕಳುಹಿಸುತ್ತೇನೆ.

ಆದರೆ ನಿಜವಾದ ಕೆಲಸ ಇರುವುದು ಹೊಲದಲ್ಲಿ. ಕಾಯಿಕೊರಕ ಹುಳಕ್ಕೆ ಹೊಡೆಯುವ, ಅದೇ ಬಗೆಯ ಪ್ರೊಫೆನೊಫಾಸ್ 50 ಇ.ಸಿ. ಎಂಬ ಗಾಢ ದ್ರವವನ್ನು ಲೀಟರ್ ನೀರಿಗೆ 2 ಮಿ.ಲೀ.ನಂತೆ ಬೆರೆಸುತ್ತಾರೆ, ಅಂದರೆ ಬಾಟಲಿಯಲ್ಲಿರುವುದು ಬೆನ್ನಿಗೆ ಹೊತ್ತು ಹೊಡೆಯುವ ಪಂಪಿನಲ್ಲಿರುವುದಕ್ಕಿಂತ ಸುಮಾರು 500 ಪಟ್ಟು ಗಾಢ. ಹಾಗಾಗಿ ಬೆಳಿಗ್ಗೆ ಔಷಧ ಕಲಸುವ ಹೊತ್ತಿಗೇ ನಾನು ಬದುವಿನ ಮೇಲಿರುತ್ತೇನೆ. ನೀರು ಹೊತ್ತು ತರುವ ಹೆಂಗಸರೇ ಬರಿಗೈಯಲ್ಲಿ ಕಲಸುವುದನ್ನು ನಿಲ್ಲಿಸಿ, ಉದ್ದನೆಯ ಕೋಲು ಮತ್ತು ನೈಟ್ರೈಲ್ ರಬ್ಬರಿನ ಕೈಗವಸುಗಳನ್ನು ಹೊಲದವರಿಂದಲೇ ಕೊಡಿಸುವುದಕ್ಕೆ ಮನೆಮನೆಗೆ ತಿರುಗಿ ಬಹಳ ಮಾತಾಡಬೇಕಾಯಿತು. ಕುಡಿಯುವ ನೀರಿನ ಕೊಡ, ಕೈತೊಳೆಯುವ ನೀರಿನ ಕೊಡ ಬೇರೆ ಬೇರೆ ಇರಬೇಕೆಂಬುದನ್ನು ಮಾತ್ರ ಎಲ್ಲರೂ ಬೇಗ ಒಪ್ಪಿದರು.

ತೊಗರಿ ಆಳೆತ್ತರ ಬೆಳೆದಿರುವುದರಿಂದ ನಳಿಕೆಯನ್ನು ಮೇಲೆತ್ತಿ ಹೊಡೆಯಬೇಕಾಗುತ್ತದೆ. ಹನಿಯೆಲ್ಲ ಮೈಮೇಲೆ ಬೀಳುತ್ತದೆ, ಸೋರುವ ಪಂಪಿನಿಂದ ಬೆನ್ನು ಮತ್ತು ಸೊಂಟ ತೊಯ್ಯುತ್ತವೆ. ತೊಡೆಸಂದಿಯ ಚರ್ಮವು ಕೈಯ ಚರ್ಮಕ್ಕಿಂತ ಹಲವು ಪಟ್ಟು ವೇಗವಾಗಿ ಇಂಥ ವಿಷವನ್ನು ಹೀರುತ್ತದೆ ಎಂಬ ಮಾತು ಗಂಡಸರ ಮನಸ್ಸಿಗೆ ನಾಟಿತು. ಮುಚ್ಚಳದ ವಾಷರ್ ಬದಲಿಸುವುದು, ಬೆನ್ನಿಗೂ ಪಂಪಿಗೂ ನಡುವೆ ಪ್ಲಾಸ್ಟಿಕ್ ಹಾಳೆ ಕಟ್ಟುವುದು, ಗಾಳಿಯನ್ನು ಬೆನ್ನಿಗೆ ಮಾಡಿಕೊಂಡು ನಡೆಯುವುದು ಆಮೇಲೆ ತಾನಾಗಿಯೇ ಬಂತು. ಮೈಮುಚ್ಚುವ ಪ್ಲಾಸ್ಟಿಕ್ ಉಡುಪನ್ನು ನಮ್ಮ ಸೆಖೆಯಲ್ಲಿ ಯಾರೂ ತೊಡಲಾರರು. ದಪ್ಪ ಹತ್ತಿಯ ಉದ್ದ ತೋಳಿನ ಅಂಗಿ ತೊಟ್ಟು, ಅದನ್ನು ಅಂದಂದೇ ಮನೆಬಟ್ಟೆಯಿಂದ ಬೇರೆಯಾಗಿ ಒಗೆದರೆ ಸಾಕೆಂದು ನಾನು ಹೇಳುತ್ತೇನೆ.

ಬಗೆಹರಿಯದೆ ಉಳಿದಿರುವುದು ಕೂಲಿಯ ಲೆಕ್ಕ. ಪಂಪಿಗೆ ಇಷ್ಟೆಂದು ಹಣ ಕೊಡುವುದರಿಂದ ಹೊಡೆಯುವವನು ಒಂದು ಹೊಲ ಮುಗಿಸಿ ಮತ್ತೊಂದಕ್ಕೆ, ದಿನವೂ ಬಿಡುವಿಲ್ಲದೆ ಹೋಗುತ್ತಾನೆ. ನರಗಳ ಕೆಲಸಕ್ಕೆ ಬೇಕಾದ, ಈ ವಿಷವು ಕುಗ್ಗಿಸುವ ಕೊಲಿನೆಸ್ಟರೇಸ್ ಎಂಬ ಕಿಣ್ವ ರಕ್ತದಲ್ಲಿ ಮೊದಲಿನ ಮಟ್ಟಕ್ಕೆ ಬರಲು ವಾರಗಳೇ ಬೇಕಾಗುವುದರಿಂದ, ಒಂದು ದಿನದ ರಜೆಯಿಂದ ಏನೂ ಆಗದು. ಅದರ ಸಹಜ ಮಟ್ಟ ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗಿರುವ ಕಾರಣ, ಸಿಂಪಡಣೆ ಶುರುವಾಗುವ ಮೊದಲೇ ಪ್ರತಿಯೊಬ್ಬರ ರಕ್ತಪರೀಕ್ಷೆ ಮಾಡಿಸಿಟ್ಟು, ನಡುವೆ ಮತ್ತೊಮ್ಮೆ ಮಾಡಿಸಿ, ಮಟ್ಟ ಇಳಿದವರಿಗೆ ಅದೇ ಹೊಲದಲ್ಲಿ ಬೇರೆ ಕೆಲಸ, ಅಷ್ಟೇ ಕೂಲಿ ಕೊಡಬೇಕೆಂದು ಹೊಲದವರನ್ನು ಕೇಳುತ್ತಿದ್ದೇನೆ. ಕೆಲವರು ಒಪ್ಪಿದ್ದಾರೆ.