ಸಿಟ್ಟಿನ ಲೆಕ್ಕ ಬರೆದ ಒಂಬತ್ತು ತಿಂಗಳು

ನನಗೆ ಮೂಗಿನ ತುದಿಯಲ್ಲೇ ಕೋಪ. ಹುಟ್ಟುಗುಣ ಎಂದು ಮನೆಯವರು ಒಪ್ಪಿಕೊಂಡಿದ್ದರು, ನಾನೂ ಒಪ್ಪಿಕೊಂಡಿದ್ದೆ. ಒಂದು ಸಂಜೆ ಬಾಗಿಲು ತೆರೆಯಲು ಅರ್ಧ ನಿಮಿಷ ತಡವಾಯಿತೆಂದು ಮಗಳ ಮೇಲೆ ಹರಿಹಾಯ್ದೆ. ಅವಳು ಏನೂ ಅನ್ನದೆ ನನ್ನ ಕೈಯ ಚೀಲ ತೆಗೆದುಕೊಂಡು ಒಳಗೆ ಹೋದಳು. ಅಂದು ರಾತ್ರಿ ಹಳೆಯ ನೋಟ್‌ಬುಕ್ಕೊಂದರಲ್ಲಿ ಗೆರೆ ಎಳೆದೆ: ಎಷ್ಟು ಹೊತ್ತಿಗೆ ಸಿಟ್ಟು ಬಂತು, ಯಾರ ಮೇಲೆ, ಅದಕ್ಕೆ ಹತ್ತು ನಿಮಿಷ ಮೊದಲು ಏನು ಮಾಡುತ್ತಿದ್ದೆ.

ಕೊನೆಯ ಕಲಂ ಜಾಗ ಉಳಿದಿತ್ತೆಂದು ಸೇರಿಸಿದ್ದು. ಕೆಲಸಕ್ಕೆ ಬಂದದ್ದು ಅದೇ. ಮೂರು ವಾರದಲ್ಲಿ ಐದು ಕಡೆ ‘ಮೆಟ್ಟಿಲು’ ಎಂದಿತ್ತು. ಲಿಫ್ಟ್ ಕೆಟ್ಟಿದ್ದರಿಂದ ನಾಲ್ಕು ಮಹಡಿ ಹತ್ತಿ, ಏದುಸಿರು ಬಿಡುತ್ತ ಮನೆ ಸೇರುತ್ತಿದ್ದೆ. ವ್ಯಾಯಾಮದ ಕಾವು ಇಳಿಯುವ ಮೊದಲೇ ಯಾರಾದರೂ ಕೆಣಕಿದರೆ ಆ ಕಾವೂ ಸಿಟ್ಟಿನ ಖಾತೆಗೇ ಜಮೆಯಾಗುತ್ತದೆ ಎಂದು ಮನಶ್ಶಾಸ್ತ್ರಜ್ಞ ಡಾಲ್ಫ್ ಜಿಲ್ಮನ್ 1970ರ ದಶಕದಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಬಡಿದಾಡಲು ಅಥವಾ ಓಡಲು ದೇಹ ಮಾಡಿಕೊಳ್ಳುವ ಪುರಾತನ ತಯಾರಿಯಲ್ಲೂ ಆಗುವುದು ಹೀಗೆಯೇ: ಅಡ್ರಿನಲಿನ್ ಏರುತ್ತದೆ, ಎದೆ ಬಡಿದುಕೊಳ್ಳುತ್ತದೆ, ರಕ್ತ ಸ್ನಾಯುಗಳತ್ತ ನುಗ್ಗುತ್ತದೆ. ಇದು ಮೆಟ್ಟಿಲಿನದೋ ಮಗಳದೋ ಎಂದು ಒಳಗಿನಿಂದ ಹೇಳುವುದು ಕಷ್ಟ. ಅಂದಿನಿಂದ ಕೊನೆಯ ಮೆಟ್ಟಿಲ ಮೇಲೆ ಕುಳಿತು, ಉಸಿರು ಹದಕ್ಕೆ ಬಂದ ಮೇಲೆ ಗಂಟೆ ಒತ್ತುತ್ತೇನೆ. ಪಕ್ಕದ ಮನೆಯವರು ನನಗೆ ಮಂಡಿನೋವು ಎಂದುಕೊಂಡಿದ್ದಾರೆ.

ದಿಂಬು ಗುದ್ದಿ ಸಿಟ್ಟು ಹೊರಹಾಕುವ ಸಲಹೆಯನ್ನೂ ಪಾಲಿಸಿದೆ. ಗುದ್ದಿದಷ್ಟೂ ಎದುರಾಳಿಯ ಮುಖ ಇನ್ನಷ್ಟು ಸ್ಪಷ್ಟವಾಯಿತು. ಮನಶ್ಶಾಸ್ತ್ರಜ್ಞ ಬ್ರಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಕೆರಳಿಸಿದವರನ್ನು ನೆನೆಯುತ್ತ ಬಾಕ್ಸಿಂಗ್ ಚೀಲ ಗುದ್ದಿದವರಿಗಿಂತ ಸುಮ್ಮನೆ ಕುಳಿತವರೇ ತಣ್ಣಗಿದ್ದರು. ದಿಂಬು ಬಿಟ್ಟೆ.

ಆದರೆ ಮೆಟ್ಟಿಲೇ ಇಲ್ಲದ ದಿನಗಳ ಸಿಟ್ಟು? ಕಚೇರಿಯಲ್ಲಿ ನಾನು ಸಿದ್ಧಪಡಿಸಿದ ಪಟ್ಟಿಯನ್ನು ಸಹೋದ್ಯೋಗಿ ತನ್ನದೆಂಬಂತೆ ಸಭೆಯಲ್ಲಿ ಮಂಡಿಸಿದ ದಿನ ರಾತ್ರಿಯಿಡೀ ನಿದ್ದೆ ಇಲ್ಲ. ಆರನ್ ಸೆಲ್, ಜಾನ್ ಟೂಬಿ, ಲೀಡಾ ಕಾಸ್ಮಿಡೀಸ್ ಎಂಬ ಸಂಶೋಧಕರು 2009ರಲ್ಲಿ ಮುಂದಿಟ್ಟ ವಾದ ಇಲ್ಲಿ ನನಗೆ ದಾರಿ ತೋರಿತು. ಅವರ ಪ್ರಕಾರ ಕೋಪ ವಿಕಾಸದಲ್ಲಿ ರೂಪುಗೊಂಡ ಚೌಕಾಸಿಯ ಸಾಧನ. ಎದುರಿನವರು ನಮ್ಮ ಹಿತಕ್ಕೆ ಕೊಡುವ ಬೆಲೆ ತೀರಾ ಕಡಿಮೆಯಾಯಿತು ಎನಿಸಿದಾಗ ಅದನ್ನು ಏರಿಸಿಕೊಳ್ಳಲು ಬರುತ್ತದೆ: ನಷ್ಟ ಮಾಡುವ ಬೆದರಿಕೆಯಿಂದ, ಇಲ್ಲವೇ ಸಹಕಾರ ಹಿಂತೆಗೆಯುವ ಬೆದರಿಕೆಯಿಂದ. ಕೋಪಕ್ಕೆ ಬೇರೆ ಬೇರುಗಳೂ ಇರಬಹುದು. ಹಸಿದಾಗ ಬರುವ ನನ್ನ ಸಿಡುಕಿನಲ್ಲಿ ಯಾವ ಚೌಕಾಸಿಯೂ ಕಾಣುವುದಿಲ್ಲ. ಆದರೂ ನಾಲ್ಕನೆಯ ಕಲಂ ಎಳೆದೆ: ‘ನನ್ನ ಯಾವುದನ್ನು ಅಗ್ಗ ಮಾಡಿದರು?’

ಪಟ್ಟಿಯ ಮುಂದೆ ಮೊದಲು ‘ಮೋಸ’ ಎಂದು ಬರೆದು ಹೊಡೆದು ಹಾಕಿದೆ. ಆಮೇಲೆ ‘ಎರಡು ಭಾನುವಾರ’ ಎಂದು ಬರೆದೆ. ಮರುದಿನ ಅವರಿಗೆ ಹೇಳಿದ್ದೂ ಅಷ್ಟೇ: “ಆ ಪಟ್ಟಿಗೆ ನನ್ನ ಎರಡು ಭಾನುವಾರ ಹೋಗಿವೆ, ನನ್ನ ಹೆಸರು ಬರಬೇಕಿತ್ತು.” ಅವರು ಕೆಂಪಾದರು. ಮುಂದಿನ ಸಭೆಯಲ್ಲಿ ಹೆಸರು ಬಂತು, ತಪ್ಪು ಕಾಗುಣಿತದಲ್ಲಿ.

ಮೊನ್ನೆ ಮಗಳು ನೋಟ್‌ಬುಕ್ ತಿರುವಿ ‘ಯಾರ ಮೇಲೆ’ ಎಂಬ ಕಲಮಿನಲ್ಲಿ ತನ್ನ ಹೆಸರನ್ನು ಬೆರಳಿಟ್ಟು ಎಣಿಸಿದಳು. ಹದಿನೇಳು. ಸಹೋದ್ಯೋಗಿಯದು ಒಂದೇ ಒಂದು.

“ನಾನೇನು ಅಗ್ಗ ಮಾಡಿದೆ ಅಪ್ಪಾ?” ಎಂದಳು. ಆ ಹದಿನೇಳರಲ್ಲಿ ಹನ್ನೊಂದರ ಮುಂದೆ ನಾಲ್ಕನೆಯ ಕಲಂ ಖಾಲಿ ಇತ್ತು.